ಮುಹೂರ್ತವಿಟ್ಟು ಕದ್ದ ಸಸಿ

ನಮ್ಮ ‘ರೊಮಾಷ್ಕಾ’ ತೋಟಗಾರರ ಸಂಘದಲ್ಲಿ ಸಸಿ ಕೊಟ್ಟವರಿಗೆ ‘ಸ್ಪಾಸಿಬಾ’ ಅನ್ನಬಾರದು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಅನ್ನಬಹುದು, ಹಲ್ಲು ಕಿತ್ತ ಡಾಕ್ಟರಿಗೆ ಅನ್ನಬಹುದು, ಎಲೆಕೋಸಿನ ಸೂಪು ಬಡಿಸಿದ ಹೆಂಡತಿಗಂತೂ ಅನ್ನಲೇಬೇಕು. ಆದರೆ ಗಿಡ ಇಸಿದುಕೊಂಡು ಧನ್ಯವಾದ ಹೇಳಿದಿರೋ, ಕೆಟ್ಟಿತು. ಹೇಳಿದವನು ಬಾಯಿ ಮುಚ್ಚುವುದರೊಳಗೆ ಸಸಿ ಕಣ್ಣು ಮುಚ್ಚುತ್ತದೆ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಪರಿಹಾರ ಕಳ್ಳತನ. ಕೊಟ್ಟ ಗಿಡ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು; ಕದ್ದ ಗಿಡ ಮಾತ್ರ ಕಲ್ಲಿನ ಮೇಲಿಟ್ಟರೂ ಬೇರು ಬಿಡುತ್ತದೆ. ಹಾಗಾಗಿ ಮರ್ಯಾದಸ್ಥರು ಗಿಡ ಕೊಡುವುದಿಲ್ಲ, ಬೇಕಾದವರು ಬಂದಾಗ ಬೆನ್ನು ತಿರುಗಿಸಿ ಮೋಡ ಎಣಿಸುತ್ತಾರೆ. ಮರ್ಯಾದಸ್ಥರು ಗಿಡ ಕೇಳುವುದೂ ಇಲ್ಲ, ಮೋಡ ಎಣಿಸಿ ಮುಗಿಯುವುದರೊಳಗೆ ಎತ್ತಿಕೊಂಡು ಹೋಗುತ್ತಾರೆ. ನಲವತ್ತೆರಡು ದಾಚಾಗಳಿರುವ, ಅಂದರೆ ತೋಟದ ಮನೆಗಳಿರುವ, ನಮ್ಮ ಸಂಘದಲ್ಲಿ ಕಳ್ಳಮಾಲು ಇಲ್ಲದ ತೋಟಗಳು ಎರಡೇ ಎರಡು. ಒಂದು ಅಧ್ಯಕ್ಷರದು, ಅವರು ಎಲ್ಲವನ್ನೂ ಬೀಜದಿಂದಲೇ ಬೆಳೆಸುವ ಛಲದವರು. ಇನ್ನೊಂದು ನನ್ನ ಪಕ್ಕದ ಜಿನೋವಿ ಪ್ಲತೋನೊವಿಚ್‌ನದು. ಅಲ್ಲಿ ಕಳ್ಳಮಾಲಷ್ಟೇ ಅಲ್ಲ, ಯಾವ ಮಾಲೂ ಇರಲಿಲ್ಲ.

ತಪ್ಪು ಅವನದಲ್ಲ, ಉದ್ಯೋಗದ್ದು. ಮೂವತ್ತೊಂದು ವರ್ಷ ಅವನು ರೈಲ್ವೆ ಸ್ಟೇಷನ್ನಿನ ವಿಚಾರಣೆಯ ಕಿಟಕಿಯಲ್ಲಿ ಕೂತಿದ್ದ. “ಆರು ಗಂಟೆಯ ಗಾಡಿ ಹತ್ತಕ್ಕೆ ಬರುತ್ತೆ, ಸ್ಪಾಸಿಬಾ. ಹತ್ತರದ್ದು ಬರೋದಿಲ್ಲ, ಸ್ಪಾಸಿಬಾ. ನನ್ನ ತಾಯಿಯವರನ್ನ ನೆನೆಸ್ಕೊಂಡಿದ್ದಕ್ಕೆ ಸ್ಪಾಸಿಬಾ, ಮುಂದಿನವರು ಬನ್ನಿ.” ಹೀಗೆ ಬೈದವರಿಗೂ ವಂದಿಸಿ ವಂದಿಸಿ, ಆ ಶಬ್ದ ಅವನಿಗೆ ಬಿಕ್ಕಳಿಕೆಯ ಹಾಗೆ ಅಂಟಿಕೊಂಡಿತ್ತು. ಹೋದ ವರ್ಷ ಎರಡು ಮನೆ ಆಚೆಯ ಫೈನಾ ಮಕಾರೊವ್ನಾ ಒಂದು ಕರಂಟು ಹಣ್ಣಿನ ಗಿಡವನ್ನು ಬೇಲಿಯ ಮೇಲಿಂದ ಇಳಿಸಿದಾಗ ಇವನು ಟೊಪ್ಪಿ ತೆಗೆದು, “ತುಂಬು ಹೃದಯದ ಸ್ಪಾಸಿಬಾ!” ಅಂದುಬಿಟ್ಟ. ಫೈನಾ ಕಿರುಚಿದ ಸದ್ದಿಗೆ ಮೂರನೇ ಓಣಿಯ ಕೋಳಿಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸಿದವು. ಗಿಡ ಒಂದೇ ವಾರದಲ್ಲಿ ಗೊಟಕ್.

ಹಾಗಂತ ಅವನು ಸ್ವಂತ ಪ್ರಯತ್ನ ಮಾಡಲಿಲ್ಲವೇ? ಮಾಡಿದ. ನಮ್ಮ ಉರಾಲ್ ಕಡೆ ಟೊಮೆಟೊ ಬೀಜವನ್ನು ಮಾರ್ಚ್ ನಡುವಿನಲ್ಲಿ ಬಿತ್ತಬೇಕು, ಮನೆಯೊಳಗೆ, ಕಿಟಕಿಯ ಹಲಗೆಯ ಮೇಲೆ, ಖಾಲಿ ಹಾಲಿನ ಡಬ್ಬಗಳಲ್ಲಿ. ಜಿನೋವಿ ಉತ್ಸಾಹ ತಡೆಯಲಾರದೆ ಹೊಸವರ್ಷದ ಮಾರನೆಯ ದಿನವೇ ಬಿತ್ತಿದ. ಬಿಸಿಲೇ ಇಲ್ಲದ ಫೆಬ್ರವರಿಯಲ್ಲಿ ಸಸಿಗಳು ಬೆಳ್ಳಗೆ, ಉದ್ದಕ್ಕೆ, ತಡವಾದ ಗಾಡಿಗೆ ಕತ್ತು ಚಾಚಿದ ಪ್ರಯಾಣಿಕರ ಹಾಗೆ ಬೆಳೆದವು. ಏಪ್ರಿಲ್ಲಿಗೆ ಕಿಟಕಿಯ ಪರದೆಯನ್ನು ತಬ್ಬಿಕೊಂಡು ಸರಳಿಗೇ ಸುತ್ತಿಕೊಂಡವು. ಒಂದು ಬೆಳಗ್ಗೆ ಅವನ ಹೆಂಡತಿ ಲೂಸ್ಯಾ ಪರದೆ ಸರಿಸಿದಳು. ಪರದೆ ಬಿತ್ತು, ನಾಟಕ ಮುಗಿಯಿತು.

ಮೇ ರಜೆಯಲ್ಲಿ ಅವನ ಅತ್ತೆ ಅಗ್ರಿಪ್ಪಿನಾ ಸವೇಲ್ಯೆವ್ನಾ ತೋಟದ ತಪಾಸಣೆಗೆ ಬಂದರು. ತೋಟ ಅವರ ಹೆಸರಿನಲ್ಲಿದೆ. ಅಳಿಯನ ಜೀವವೂ ಹೆಚ್ಚುಕಡಿಮೆ ಅವರ ಹೆಸರಿನಲ್ಲೇ ಇದೆ. ನಾನು ಬೇಲಿಯ ಈಚೆ ಮೂಲಂಗಿ ಬಿತ್ತುವ ನೆಪದಲ್ಲಿ ಕಿವಿ ಬಿತ್ತಿಕೊಂಡು ಕೂತೆ.

“ಏನ್ರೀ ಅಳಿಯಂದ್ರೇ, ಇದೇನಿದು?”

“ಹಸಿರುಮನೆ, ಅತ್ತೆ.”

“ಹಸಿರೆಲ್ಲಿ?”

“ಮನೆ ರೆಡಿ ಇದೆ ಅತ್ತೆ. ಹಸಿರು ಬರ್ತಾ ಇದೆ.”

“ಹನ್ನೊಂದು ವರ್ಷದಿಂದ ಬರ್ತಾ ಇದೆ, ಬರ್ತಾ ಇದೆ ಅಂತಾನೇ ಹೇಳ್ತಿದ್ದೀರಲ್ಲಾ, ಇದೇನು ನಿಮ್ಮ ಸ್ಟೇಷನ್ನೇ? ಕೇಳಿ ಇಲ್ಲಿ. ಮೇ ಕೊನೇ ಭಾನುವಾರ ಬರ್ತೀನಿ. ಇಲ್ಲಿ ಇಪ್ಪತ್ತು ಟೊಮೆಟೊ ಸಸಿ ಜೀವಂತ ಇರ್ಬೇಕು. ಇಲ್ದಿದ್ರೆ ಈ ಜಾಗಾನ ನನ್ನ ಚಿಕ್ಕಳಿಯ ವಾದಿಮ್‌ಗೆ ಬರೆದುಕೊಡ್ತೀನಿ. ಅವನು ಪೂರಾ ಕಾಂಕ್ರೀಟ್ ಹಾಕ್ಸಿ ಬಿಲಿಯರ್ಡ್ಸ್ ಮನೆ ಕಟ್ತಾನಂತೆ. ಕಾಂಕ್ರೀಟಾದ್ರೂ ಹಿಡ್ಕೊಳ್ಳುತ್ತೆ!”

“ಸ್ಪಾಸಿಬಾ, ಅತ್ತೆ,” ಅಂದ ಜಿನೋವಿ.

ಆ ಸಂಜೆ ಅವನು ತನ್ನ ಇಷ್ಟದ ತಣ್ಣನೆಯ ಸೂಪು ಒಕ್ರೋಷ್ಕಾವನ್ನೂ ಮುಟ್ಟಲಿಲ್ಲ. ಹಣ್ಣು ಬಿಡದ ಮುದಿ ಸೇಬಿನ ಮರದ ಕೆಳಗೆ ಅವನದೊಂದು ಬೆಂಚಿತ್ತು. ದೂರದಲ್ಲಿ ಹೋಗುವ ಗಾಡಿಗಳ ಸದ್ದು ಅಲ್ಲಿಗೆ ಕೇಳಿಸುತ್ತದೆ. ಅವು ತಡವಾದರೆ ಅದಕ್ಕೆ ಅವನು ಹೊಣೆಯಲ್ಲ. ಇಡೀ ಭೂಮಂಡಲದಲ್ಲಿ ಆ ಸುಖ ಅವನಿಗೆ ಸಿಗುತ್ತಿದ್ದದ್ದು ಆ ಬೆಂಚಿನ ಮೇಲೆ ಮಾತ್ರ. ಅದರ ಮೇಲೆ ಕಾಂಕ್ರೀಟ್!

ಲೂಸ್ಯಾ ನೇರವಾಗಿ ಫೈನಾ ಮಕಾರೊವ್ನಾಳ ಅಡುಗೆಮನೆಗೆ ಹೋಗಿ ಅತ್ತಳು. ಫೈನಾ ಅಂದರೆ ನಮ್ಮೂರ ಸಸಿಗಳಿಗೆಲ್ಲ ತವರುಮನೆ. ಜಿನೋವಿಯನ್ನೂ, ಸಾಕ್ಷಿಗೆ ನನ್ನನ್ನೂ ಕರೆಸಿ, ಚಹಾ ಬಗ್ಗಿಸಿ, ಯುದ್ಧದ ಸಂಚು ಹೇಳುವ ದನಿಯಲ್ಲಿ ಹೇಳಿದಳು:

“ನೋಡಪ್ಪಾ ಜಿನೋವಿ, ಬರೋ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ, ಬೆಳಗ್ಗೆ ಹನ್ನೊಂದು ಗಂಟೆ. ಇಪ್ಪತ್ತು ಸಸಿ ಮೆಟ್ಟಿಲ ಮೇಲೆ ಇಟ್ಟಿರ್ತೀನಿ. ನಾನು ಆ ಕಡೆ ತಿರುಗಿ ಬಟ್ಟೆ ಒಣಹಾಕ್ತಿರ್ತೀನಿ. ನೀನು ಬಾ, ಕದಿ, ಹೋಗು.”

“ಗೇಟು ತಟ್ಟಿ ಬರ್ಬೇಕಾ?”

“ಕಳ್ಳ ಗೇಟು ತಟ್ತಾನೇನೋ?”

“ನಮಸ್ಕಾರ ಅನ್ನಬಹುದಾ?”

“ಅನ್ನಂಗಿಲ್ಲ.”

“ಆಮೇಲೆ ಒಂದು ಕಾಗದ ಬರೆದು, ತಮ್ಮ ಸಹಕಾರಕ್ಕಾಗಿ…”

“ಲೂಸ್ಯಾ! ನಿನ್ನ ಗಂಡನ್ನ ಹಿಡ್ಕೊಳ್ಳೇ!”

ತರಬೇತಿಯ ಹೊಣೆ ನನ್ನ ಮೇಲೆ ಬಿತ್ತು. ನಾನು ಒಂದು ದುಪ್ಪಟಿ ಹಿಡಿದು ಫೈನಾಳ ಹಾಗೆ ಸೊಂಟ ಬಳುಕಿಸಿ ನಿಂತೆ. ಮೆಟ್ಟಿಲ ಮೇಲೆ ಸಸಿಯ ಬದಲು ಬಕೆಟ್ಟು. ಮೊದಲ ದಿನ ಅವನು ಬಾಗಿಲಲ್ಲೇ ನಿಂತು, “ಒಳಗೆ ಬರಬಹುದೇ?” ಅಂದ. ಎರಡನೆಯ ದಿನ ಬಕೆಟ್ಟು ಕದ್ದು ಗೇಟಿನ ತನಕ ಹೋಗಿ, ತಿರುಗಿ ಬಂದು, “ಇದು ನಿಮ್ಮದಲ್ವಾ, ಮರೆತುಬಿಟ್ಟಿದ್ದೀರಿ,” ಎಂದು ವಾಪಸು ಕೊಟ್ಟ. ಮೂರನೆಯ ದಿನ ತುಟಿ ಕಚ್ಚಿಕೊಂಡು, ಬೆವರುತ್ತ, ಮೌನವಾಗಿ ಕದ್ದ! ನನಗೆ ಕಣ್ತುಂಬಿ ಬಂತು. ಮೂವತ್ತೊಂದು ವರ್ಷದ ಸಭ್ಯತೆಯನ್ನು ಮೂರೇ ದಿನದಲ್ಲಿ ತೊಳೆದು ಹಾಕಿದ್ದೆ.

“ಮುಂದಿನ ಬಾಗಿಲಿಂದ ಹೋಗ್ಬೇಡ. ಹಿತ್ತಿಲ ಓಣಿ ಹಿಡಿ. ಯಾವ ಕಳ್ಳನೂ ಮುಂದಿನಿಂದ ಬರಲ್ಲ,” ಎಂದು ಕೊನೆಯ ಪಾಠವನ್ನೂ ಹೇಳಿಕೊಟ್ಟೆ. ಸರ್ವನಾಶ ಮಾಡಿದ ನನ್ನ ವಿದ್ವತ್ತು ಅದೇ.

“ಹಿತ್ತಿಲಿಂದ ಅವಳ ಮನೆ ಗೊತ್ತಾಗೋದು ಹೇಗೆ?”

“ನೀಲಿ ಬೇಲಿ. ಇಡೀ ಓಣಿಗೆ ಅದೊಂದೇ ನೀಲಿ.”

ಆ ಶನಿವಾರ ಬಂತು. ಎಂಥ ದಿನ! ಇಪ್ಪತ್ತೆರಡು ಡಿಗ್ರಿ ಬಿಸಿಲು! ಓಣಿಯುದ್ದಕ್ಕೂ ಚೆರ್ಯೋಮುಖಾ ಮರಗಳು ಬೆಳ್ಳಗೆ ಹೂ ಸುರಿದುಕೊಂಡು ನಿಂತಿದ್ದವು. ಚೆರ್ಯೋಮುಖಾ ಹೂ ಬಿಟ್ಟರೆ ಹೋದ ಚಳಿ ಮರೆತ ಕೊಡೆ ಕೇಳಿಕೊಂಡು ಬಂದಂತೆ ಒಮ್ಮೆ ತಿರುಗಿ ಬರುತ್ತದೆ, ಅದು ಹೋಗುವ ತನಕ ಟೊಮೆಟೊವನ್ನು ನೆಲಕ್ಕಿಡಬಾರದು ಎಂದು ಇಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಆದರೆ ಹಗಲು ಹೊತ್ತು ಸಸಿಗಳನ್ನು ಹೊರಗಿಟ್ಟು ಗಾಳಿ ಬಿಸಿಲಿಗೆ ರೂಢಿ ಮಾಡಿಸಬೇಕಲ್ಲ. ಸಸಿಯೂ ಒಂದೇ, ಸೊಸೆಯೂ ಒಂದೇ. ಮೊದಲ ದಿನವೇ ಪೂರ್ತಿ ಬಿಸಿ ಮುಟ್ಟಿಸಿದರೆ ಬಾಡಿ ಹೋಗುತ್ತವೆ. ಹಾಗಾಗಿ ನಲವತ್ತೊಂದು ಮನೆಯ ಮೆಟ್ಟಿಲುಗಳ ಮೇಲೂ ಹಾಲಿನ ಡಬ್ಬಗಳು ಸಾಲುಗಟ್ಟಿ ಬಿಸಿಲು ಕಾಯುತ್ತಿದ್ದವು.

ನಮಗೆ ತಿಳಿಯದೆ ಹೋದದ್ದು ಒಂದೇ. ಪ್ರತಿ ಮೇ ತಿಂಗಳು ಸಂಘಕ್ಕೆ ಬಗೆಬಗೆಯ ಬಣ್ಣದ ಡ್ರಮ್ಮುಗಳು ಬರುತ್ತವೆ. ಗುರುವಾರ ಬಂದಿದ್ದವು. ಫೈನಾ, “ಹನ್ನೊಂದು ವರ್ಷ ನೀಲಿ ನೋಡಿ ಸಾಕಾಯ್ತು,” ಎಂದು ತನ್ನ ಬೇಲಿಗೆ ಕಂದು ಬಳಿದಿದ್ದಳು. ಅವಳು ಬೇಡವೆಂದ ನೀಲಿಯನ್ನು ಅವಳಿಗೂ ಜಿನೋವಿಗೂ ನಡುವಿನ ಮನೆಯ ಅಧ್ಯಕ್ಷರು, ಯೆಮೆಲ್ಯಾನ್ ಗೊರ್ದೆಯೆವಿಚ್, ತಮ್ಮ ಬೇಲಿಗೆ ಬಳಿದುಕೊಂಡಿದ್ದರು.

ಹನ್ನೊಂದಕ್ಕೆ ಸರಿಯಾಗಿ ಜಿನೋವಿ ಹೊರಟ. ಬಿಸಿಲಲ್ಲಿ ಚಳಿಗಾಲದ ಕೋಟು, ಕಪ್ಪು ಕನ್ನಡಕ, ಗಾಬರಿಯಲ್ಲಿ ಕಾಲಿಗೆ ಸಿಕ್ಕ ಲೂಸ್ಯಾಳ ಕೆಂಪು ರಬ್ಬರ್ ಬೂಟು. ನೀಲಿ ಬೇಲಿಯ ಹಿತ್ತಿಲ ಗೇಟು ತಳ್ಳಿದ. ಮೆಟ್ಟಿಲ ಮೇಲೆ ಎರಡು ಪೆಟ್ಟಿಗೆಗಳಲ್ಲಿ ಸಸಿಗಳು ಇದ್ದವು, ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತು! ದಪ್ಪ ಕಾಂಡ, ಕಡುಹಸಿರು ಎಲೆ, ನೋಡಿದರೆ ದೃಷ್ಟಿ ತಾಗಬೇಕು. ಫೈನಾ ಇರಲಿಲ್ಲ. ಬದಲಿಗೆ ಈರುಳ್ಳಿ ಪಾತಿಯಲ್ಲಿ ಯಾರೋ ಬಗ್ಗಿ ನಿಂತಿದ್ದರು, ಬೆನ್ನು ಇವನ ಕಡೆಗೇ. ಆಹಾ, ಬೆನ್ನು ತಿರುಗಿಸುವುದಕ್ಕೆಂದೇ ಬೇರೆ ಒಬ್ಬರನ್ನು ಗೊತ್ತು ಮಾಡಿದ್ದಾಳೆ ಎಂದುಕೊಂಡ ನಮ್ಮವನು.

ಎರಡೂ ಪೆಟ್ಟಿಗೆ ಎತ್ತಿಕೊಂಡು ಹೊರಡುವಾಗ ಆ ಬೆನ್ನು ಮಿಸುಕಿತು. ಅಧ್ಯಕ್ಷರಿಗೆ ಸೊಂಟದ ನೋವು. ಬಗ್ಗಿದರೆ ಏಳಲು ಐದು ನಿಮಿಷ ಬೇಕು. ಸದ್ದು ಕೇಳಿ ಅವರು ತಮ್ಮ ಎರಡು ಕಾಲುಗಳ ನಡುವಿನಿಂದ ತಲೆಕೆಳಗಾಗಿ ಇಣುಕಿದರು.

“ಯಾರದು?”

“ಶ್!” ಅಂದ ಜಿನೋವಿ, ಕನ್ನಡಕ ಬೆವರಿಗೆ ಮಬ್ಬಾಗಿ. “ನೋಡ್ಬೇಡಿ! ಹಾಗೇ ಇರಿ, ತುಂಬಾ ಚೆನ್ನಾಗಿ ಮಾಡ್ತಿದ್ದೀರಿ! ನೀವು ತಿರುಗಿದ್ರೆ ನಾನು ಎಲ್ಲಾ ಮೊದಲಿಂದ ಕದೀಬೇಕಾಗುತ್ತೆ!”

ಮೂವತ್ತು ವರ್ಷ ಆಡಳಿತ ನಡೆಸಿದ ಮನುಷ್ಯ, ಆ ದನಿಯ ಆತ್ಮವಿಶ್ವಾಸಕ್ಕೆ ಬೆಚ್ಚಿ, ಹೇಳಿದ ಹಾಗೆ ಈರುಳ್ಳಿಯ ಕಡೆಗೇ ಮುಖ ಮಾಡಿದರು. ಜಿನೋವಿ ಗೇಟು ದಾಟಿದ. ಧನ್ಯವಾದ ಹೇಳಲಿಲ್ಲ! ಓಡಿ ಬಂದು ಸಸಿಗಳನ್ನು ತನ್ನ ಬಾನ್ಯಾದೊಳಗೆ ಬಚ್ಚಿಟ್ಟು, ನನ್ನನ್ನು ತಬ್ಬಿ ಕುಣಿದ. ಶನಿವಾರ ಉಗಿಸ್ನಾನದ ದಿನ. ಬಾನ್ಯಾದ ಒಲೆಗೆ ಲೂಸ್ಯಾ ಬೆಳಗ್ಗೆಯೇ ಕಟ್ಟಿಗೆ ಒಟ್ಟಿದ್ದಳು.

ಕುಣಿತ ಮುಗಿಯುವ ಮೊದಲೇ ‘ಢಣ್ ಢಣ್ ಢಣ್’! ನೀರಿನ ಟ್ಯಾಂಕಿನ ಕೆಳಗೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಯಾರೋ ಬಡಿಯುತ್ತಿದ್ದರು. ಅದನ್ನು ಬೆಂಕಿ ಬಿದ್ದರೆ ಮಾತ್ರ ಬಡಿಯುವುದು. ಜನ ಬಕೆಟ್ಟು ಹಿಡಿದು ಓಡಿ ಬಂದರು. ಬೆಂಕಿ ಎಲ್ಲೂ ಇರಲಿಲ್ಲ, ಅಧ್ಯಕ್ಷರ ಕಣ್ಣಲ್ಲಿ ಬಿಟ್ಟರೆ.

“ಬಂಧು ತೋಟಗಾರರೇ! ನನ್ನ ‘ಗೂಳಿಯ ಹೃದಯ’ ಟೊಮೆಟೊ! ಎಂಟು ವರ್ಷ ಬೀಜ ಆರಿಸಿ ಆರಿಸಿ ತಯಾರು ಮಾಡಿದ ತಳಿ! ಇಪ್ಪತ್ತಕ್ಕೆ ಇಪ್ಪತ್ತೂ ಹಗಲು ಹೊತ್ತಲ್ಲಿ ಕಳವಾಗಿದೆ! ಕಳ್ಳ ನನಗೇ ಅಪ್ಪಣೆ ಕೊಟ್ಟು ಹೋಗಿದ್ದಾನೆ!”

“ಅಯ್ಯೋ, ಎಂಥಾ ಖದೀಮ ಇರ್ಬೇಕು,” ಎಂದು ಮರುಗಿದ ಜಿನೋವಿ, ನನ್ನ ಪಕ್ಕದಲ್ಲಿ ನಿಂತು. ದೇವರಾಣೆಗೂ ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ಅವನ ಬೂಟು ನೋಡಿದೆ, ಅಧ್ಯಕ್ಷರ ಬೇಲಿ ನೋಡಿದೆ, ಹಿಂದಕ್ಕೆ ಸರಿದು ನೀರಿನ ಟ್ಯಾಂಕಿನ ಕಂಬಕ್ಕೆ ಒರಗಿದೆ.

ಠಾಣೆಯಿಂದ ಲೆಫ್ಟಿನೆಂಟ್ ಬಂದ, ಪಕ್ಕದಲ್ಲಿ ತೊಟ್ಟಿಯಿದ್ದ ಮೋಟಾರ್‌ಸೈಕಲ್ಲಿನಲ್ಲಿ. ಪೇಟೆಯವನು, ಸಂಘಕ್ಕೆ ಹೊಸಬ. ಕಾಗದ ತೆಗೆದು ಗತ್ತಿನಿಂದ ಕೇಳಿದ: “ಇಲ್ಲಿ ಯಾವತ್ತಾದ್ರೂ ಬೇರೆಯವರ ತೋಟದಿಂದ ಗಿಡ ಕದ್ದೋರು ಯಾರಾದ್ರೂ ಇದ್ರೆ ಕೈ ಎತ್ತಿ.”

ನಲವತ್ತೊಂದು ಕೈಗಳು ಎದ್ದವು. ಲೆಫ್ಟಿನೆಂಟನ ಪೆನ್ನು ಕೆಳಗೆ ಬಿತ್ತು.

“ನಾನು ಫೈನಾದು ಸ್ಟ್ರಾಬೆರಿ, ಮೂರು ಸಲ!”

“ನಾನು ಇವಳದು ಡೇರೆ ಗಡ್ಡೆ! ಅಷ್ಟೇ ಅಲ್ಲ, ಇವಳು ನಂದು ಕದ್ದಿದ್ದನ್ನೇ ವಾಪಸ್ ಕದ್ದೆ!”

“ನನ್ನ ತೋಟದಲ್ಲಿ ಕದೀದೇ ಇರೋದು ಅಂದ್ರೆ ಕಳೆ ಒಂದೇ ಸಾರ್!”

ಅಧ್ಯಕ್ಷರು ಎದೆ ತಟ್ಟಿಕೊಂಡರು. “ನೋಡಿ, ನಾನೊಬ್ಬನೇ ಕದ್ದಿಲ್ಲ! ನಂದೆಲ್ಲಾ ಬೀಜದಿಂದ ಬಂದಿದ್ದು!”

“ನಾವೇನು ಆಕಾಶದಿಂದ ಬಂದ್ವಾ?” ಎಂದು ಫೈನಾ ಮೂಗು ಮುರಿದಳು.

ಲೆಫ್ಟಿನೆಂಟ್ ಹಣೆ ಒರೆಸಿಕೊಂಡ. “ಕಳ್ಳನ ಮುಖ ನೋಡಿದ್ರಾ?”

“ತಲೆಕೆಳಗಾಗಿ ನೋಡ್ದೆ. ಕಾಲುಗಳ ಸಂದಿಯಿಂದ. ಹಾಗೇ ನೋಡಿದ್ರೆ ಗುರುತು ಹಿಡೀತೀನಿ!”

ಕಾನೂನು ಕಾನೂನೇ. ನಲವತ್ತೊಂದು ಜನರನ್ನೂ ಸಾಲಾಗಿ ನಿಲ್ಲಿಸಲಾಯಿತು. ಅಧ್ಯಕ್ಷರು ಸಾಲಿಗೆ ಬೆನ್ನು ಮಾಡಿ ಬಗ್ಗಿದರು. ಲೆಫ್ಟಿನೆಂಟ್ ಅವರ ಭುಜ ಹಿಡಿದು ಒಬ್ಬೊಬ್ಬರ ಮುಂದೆಯೂ ಹಿಮ್ಮುಖವಾಗಿ ನಡೆಸಿಕೊಂಡು ಬಂದ. ಸಂಘದ ಇತಿಹಾಸದಲ್ಲಿ ಇಷ್ಟು ಹತ್ತಿರದಿಂದ ಅಧ್ಯಕ್ಷರು ಸದಸ್ಯರನ್ನು ನೋಡಿದ್ದೇ ಇಲ್ಲ. ಹದಿನೇಳನೆಯವನು ಜಿನೋವಿ.

“ಇವೇ! ಇವೇ ಕೆಂಪು ಬೂಟು! ಅಯ್ಯೋ…” ಕೂಗಿದ ರಭಸಕ್ಕೆ ಸೊಂಟ ಹಿಡಿದುಕೊಂಡಿತು. ಅಧ್ಯಕ್ಷರು ಬಗ್ಗಿದವರು ಬಗ್ಗಿದಂತೆಯೇ ಉಳಿದರು.

“ಏನೋ ತಪ್ಪು ತಿಳಿದಿದ್ದೀರಿ,” ಅಂದ ಜಿನೋವಿ ಸಮಾಧಾನವಾಗಿ. “ನಾನು ಕದ್ದಿದ್ದು ಹೌದು. ಆದ್ರೆ ಫೈನಾ ಮಕಾರೊವ್ನಾ ಅವರ ಹತ್ರ, ಹನ್ನೊಂದು ಗಂಟೆಗೆ, ಮೊದಲೇ ಹೇಳಿ.”

“ನೀನೆಲ್ಲಿ ಬಂದ್ಯೋ?” ಫೈನಾ ಕಿರುಚಿದಳು. “ನಿನಗೋಸ್ಕರ ಒಂದೇ ದುಪ್ಪಟೀನ ನಾಲ್ಕು ಸಲ ಹಿಂಡಿ ನಾಲ್ಕು ಸಲ ಒಣಹಾಕಿದ್ದೀನಿ! ನನ್ನ ಇಪ್ಪತ್ತೂ ಮೆಟ್ಟಿಲ ಮೇಲೇ ಇದಾವೆ!”

ಜಿನೋವಿ ಬೇಲಿ ನೋಡಿದ. ಬೂಟು ನೋಡಿದ. ಅವನ ಮುಖ ಫೆಬ್ರವರಿಯ ಸಸಿಯ ಬಣ್ಣಕ್ಕೆ ಇಳಿಯಿತು. ಬಾಯಿ ತೆರೆದ. ತೆರೆದ ಬಾಯಿಯೊಳಗೆ ಟಪ್ಪನೆ ಒಂದು ಆಲಿಕಲ್ಲು ಬಿತ್ತು.

ಎಲ್ಲರೂ ಒಟ್ಟಿಗೆ ಮೇಲೆ ನೋಡಿದೆವು. ಉತ್ತರದ ಕಡೆಯಿಂದ ಸೀಸದ ಬಣ್ಣದ ಮೋಡವೊಂದು ಚೆರ್ಯೋಮುಖಾ ಮರಗಳ ಮೇಲೆ ಬಂದು ಕೂತಿತ್ತು.

“ಸಸಿಗಳೂ!” ಎಂದು ಒಬ್ಬಳು ಚೀರಿದಳು. ನಲವತ್ತೊಂದು ಜನ ನಲವತ್ತೊಂದು ದಿಕ್ಕಿಗೆ! ಬಕೆಟ್ಟು ತಲೆಗೆ ಮಗುಚಿಕೊಂಡು, ಸ್ಕರ್ಟು ಎತ್ತಿಕೊಂಡು, ಪಾತಿ ಹಾರಿ, ಬೇಲಿ ಮುರಿದು ಓಡಿದರು. ಆಗಲೇ ಹೊತ್ತು ಮೀರಿತ್ತು. ಹತ್ತು ನಿಮಿಷ ಆಲಿಕಲ್ಲು, ಅದರ ಹಿಂದೆಯೇ ಹಿಮ. ಮೇ ತಿಂಗಳ ಕೊನೆಯಲ್ಲಿ, ಮಟಮಟ ಮಧ್ಯಾಹ್ನ! ನಲವತ್ತು ಮನೆಯ ಮೆಟ್ಟಿಲುಗಳ ಮೇಲಿನ ಡಬ್ಬಗಳಲ್ಲಿ ಉಳಿದದ್ದು ಹಸಿರು ಗೊಜ್ಜು. ಫೈನಾಳ ಇಪ್ಪತ್ತೂ ಹೋದವು.

ಇಡೀ ರೊಮಾಷ್ಕಾದಲ್ಲಿ ಜೀವ ಉಳಿಸಿಕೊಂಡ ಟೊಮೆಟೊ ಸಸಿಗಳು ಇಪ್ಪತ್ತೇ. ಅವು ಕಳ್ಳಮಾಲು. ಜಿನೋವಿಯ ಬಾನ್ಯಾದಲ್ಲಿ ಬೆಚ್ಚಗೆ ಕೂತಿದ್ದವು.

ಹಿಮ ನಿಂತ ಮೇಲೆ ಮೋಟಾರ್‌ಸೈಕಲ್ಲಿನ ತೊಟ್ಟಿಯಲ್ಲಿ ಬಗ್ಗಿದ ಭಂಗಿಯಲ್ಲೇ ಅಧ್ಯಕ್ಷರು ಜಿನೋವಿಯ ಬಾನ್ಯಾದ ಮುಂದೆ ಬಂದಿಳಿದರು. ಹಿಂದೆ ಫೈನಾ, ನಾನು, ಅರ್ಧ ಸಂಘ. ಜಿನೋವಿ ತಾನೇ ಬಾಗಿಲು ತೆರೆದ. ಕಣ್ಣು ಕೆಂಪಗಾಗಿತ್ತು.

“ಎಲ್ಲಾ ಜೋಪಾನವಾಗಿವೆ, ಯೆಮೆಲ್ಯಾನ್ ಗೊರ್ದೆಯೆವಿಚ್. ಇಪ್ಪತ್ತೂ ನಿಮ್ಮವು. ಕ್ಷಮಿಸಿಬಿಡಿ. ನಾಳೆ ನಮ್ಮತ್ತೆ ಬರ್ತಾರೆ, ಬಿಲಿಯರ್ಡ್ಸ್ ಆಡೋಕೆ ನೀವೂ ಬನ್ನಿ.”

ಅಧ್ಯಕ್ಷರು ಒಂದು ಪೆಟ್ಟಿಗೆ ಎತ್ತಿಕೊಂಡು, ಸೊಂಟ ಸಹಕರಿಸದ ಕಾರಣ ಹಿಮ್ಮುಖವಾಗಿಯೇ ಬಾನ್ಯಾದಿಂದ ಹೊರಗೆ ಬಂದರು. ಅದೇ ಗಳಿಗೆಗೆ ಗೇಟು ತೆರೆಯಿತು. ಚಳಿ ಬೀಳುತ್ತದೆಂದು ರೇಡಿಯೋದಲ್ಲಿ ಕೇಳಿ, ಸಸಿ ಮುಚ್ಚಲು ಹಳೆಯ ಕಂಬಳಿ ಕಂಕುಳಲ್ಲಿಟ್ಟುಕೊಂಡು, ಒಂದು ದಿನ ಮೊದಲೇ ಲೋಕಲ್ ಗಾಡಿ ಹತ್ತಿ ಬಂದಿದ್ದರು ಅಗ್ರಿಪ್ಪಿನಾ ಸವೇಲ್ಯೆವ್ನಾ! ಅವರಿಗೆ ಕಂಡದ್ದು ಇಷ್ಟೇ: ಯಾರೋ ಒಬ್ಬ ತಮ್ಮ ಅಳಿಯನ ಬಾನ್ಯಾದಿಂದ ಬಗ್ಗಿಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಕೊಬ್ಬಿದ ಟೊಮೆಟೊ ಸಸಿ ಹೊತ್ತು ಪರಾರಿಯಾಗುತ್ತಿದ್ದಾನೆ.

“ಕಳ್ಳಾ!” ಅತ್ತೆಯ ಕೈಯಲ್ಲಿದ್ದ ಛತ್ರಿ ಗಾಳಿಯಲ್ಲಿ ಸುಯ್ಯೆಂದಿತು. ಗುರಿ ಅಗಲವಾಗಿತ್ತು, ತಪ್ಪುವ ಹಾಗಿರಲಿಲ್ಲ. “ಹಗಲುಗಳ್ಳಾ! ನನ್ನ ಅಳಿಯ ಬೆಳೆಸಿದ ಸಸಿಗೆ ಕೈ ಹಾಕ್ತೀಯಾ?”

“ಅತ್ತೆ, ಅತ್ತೆ, ಅವು ಅವರದ್ದೇ, ನಾನೇ…”

“ನೀವು ಸುಮ್ನಿರಿ! ನಿಮ್ಮ ಒಳ್ಳೇತನಾನೇ ನಿಮಗೆ ಶತ್ರು!”

ಫೈನಾ ಜಿನೋವಿಯ ಕೆಂಪು ಬೂಟಿನ ಮೇಲೆ ತನ್ನ ಪೂರ್ತಿ ಭಾರ ಹಾಕಿ ನಿಂತಳು. ಅತ್ತೆ ಬಾನ್ಯಾದೊಳಗೆ ಇಣುಕಿದರು, ಹೊರಗೆ ಬಂದು ‘ಕಳ್ಳ’ನ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ಸೇರಿಸಿ ಎಣಿಸಿದರು.

“ಇಪ್ಪತ್ತು! ಊರಿಗೂರೇ ನಾಶವಾಗಿದೆ, ನಮ್ಮದು ಇಪ್ಪತ್ತೂ ನಿಂತಿವೆ! ಜಿನೋವಿ, ಹನ್ನೊಂದು ವರ್ಷದಲ್ಲಿ ಇದೇ ಮೊದಲ್ನೇ ಸಲ ನಮ್ಮ ತೋಟದಲ್ಲಿ ಕದಿಯೋಕೆ ಅಂತ ಏನಾದ್ರೂ ಇದೆ! ಆ ವಾದಿಮ್ ಕಾಂಕ್ರೀಟಂತೆ, ಕಾಂಕ್ರೀಟು! ಅದನ್ನ ಯಾವನಾದ್ರೂ ಆಸೆಪಟ್ಟು ಕದ್ದಿದ್ದು ಕೇಳಿದ್ದೀರಾ? ತೋಟ ನಿಮಗೇ. ಸೋಮವಾರವೇ ಬರೆದುಕೊಡ್ತೀನಿ.”

ಲೆಫ್ಟಿನೆಂಟ್ ಜೇಬಿನಿಂದ ದೂರಿನ ಕಾಗದ ತೆಗೆದ. “ಅಧ್ಯಕ್ಷರೇ, ನೀವು ಹೇಳಿಬಿಡಿ, ನಿಜವಾಗಿ ಏನಾಯ್ತು?”

ಅಧ್ಯಕ್ಷರು ಬಗ್ಗಿದಲ್ಲಿಂದಲೇ ಕೊರಳು ತಿರುಗಿಸಿ ಜಿನೋವಿಯನ್ನು ನೋಡಿದರು. ಅವನು ಫೈನಾಳ ಕಾಲಡಿಯಿಂದ ಕಾಲು ಎಳೆದುಕೊಂಡು, ನಿಜ ಹೇಳಲು ಮತ್ತೆ ಬಾಯಿ ತೆರೆಯುತ್ತಿದ್ದ. ಫೈನಾ ಅಧ್ಯಕ್ಷರ ಕಿವಿಗೆ ಬಗ್ಗಿ ಪಿಸುಗುಟ್ಟಿದಳು: “ನಿಮ್ಮ ಮೆಟ್ಟಿಲ ಮೇಲೇ ಇದ್ದಿದ್ರೆ ಈಗ ಗೊಜ್ಜು. ಮತ್ತೆ ನೆನಪಿರ್ಲಿ, ಬಿಲಿಯರ್ಡ್ಸ್ ಮನೆ ಬಂದ್ರೆ ನಿಮ್ಮ ಮಲಗೋ ಕೋಣೆಯ ನೇರಕ್ಕೇ ಬರುತ್ತೆ.”

ಅಧ್ಯಕ್ಷರು ಕೈಯಲ್ಲಿದ್ದ ಪೆಟ್ಟಿಗೆ ನೋಡಿದರು. ಆಮೇಲೆ, ಸತ್ಯವಂತರೆಂಬ ಮೂವತ್ತು ವರ್ಷದ ಗೌರವವನ್ನು ನುಂಗಿಕೊಂಡು, ಸಂಘದ ಅರ್ಧ ಸದಸ್ಯರೆದುರು ಹೇಳಿದರು: “ಹೌದು. ಕದಿಯೋಕೇ ಬಂದೆ.”

ಜಿನೋವಿ ಬಿಕ್ಕಿದ. ‘ಸ್ಪಾ…’ ಎಂಬಷ್ಟು ಹೊರಬಿತ್ತು. ಉಳಿದದ್ದನ್ನು ನಾನು, ಲೂಸ್ಯಾ, ಫೈನಾ, ಲೆಫ್ಟಿನೆಂಟ್, ನಾಲ್ಕು ಜನ ಸೇರಿ ಅಂಗೈಯಿಂದ ಒಳಗೆ ತಳ್ಳಿದೆವು.

ಒಪ್ಪಿಕೊಂಡವರ ಮೇಲೆ ಅಗ್ರಿಪ್ಪಿನಾ ಸವೇಲ್ಯೆವ್ನಾಗೆ ಸಿಟ್ಟು ನಿಲ್ಲುವುದಿಲ್ಲ. “ಪಾಪ, ನಿಮ್ದೆಲ್ಲಾ ಆಲಿಕಲ್ಲಿಗೆ ಹೋಯ್ತಾ? ವಯಸ್ಸಾದೋರು, ಸೊಂಟ ಬೇರೆ ಸರಿಯಿಲ್ಲ. ಸರಿ, ಆ ಪೆಟ್ಟಿಗೇಲಿರೋ ಹತ್ತು ಕೆಳಗಿಡಿ, ಮತ್ತೆ ಸರಿಯಾಗಿ ಕದೀರಿ. ನಾನು ಆ ಕಡೆ ತಿರುಗ್ತೀನಿ,” ಎಂದು ಬೆನ್ನು ಮಾಡಿ ಮೋಡ ಎಣಿಸತೊಡಗಿದರು.

ಹುಟ್ಟಿದಂದಿನಿಂದ ಒಂದು ಎಲೆಯನ್ನೂ ಕದಿಯದ ಯೆಮೆಲ್ಯಾನ್ ಗೊರ್ದೆಯೆವಿಚ್ ತಮ್ಮದೇ ಹತ್ತು ಸಸಿಗಳ ಮುಂದೆ ನಿಂತು ಅತ್ತಿತ್ತ ನೋಡಿದರು. ಕೆಮ್ಮಿದರು. ಪೆಟ್ಟಿಗೆ ಎತ್ತಿ, ಬಾನ್ಯಾದ ಬಾಗಿಲಿಗೆ ತಲೆ ಬಡಿದುಕೊಂಡು, ಆ ಬಾಗಿಲನ್ನೇ ಕ್ಷಮೆ ಕೇಳಿದರು. ಗೇಟಿನ ಬದಲು ಬೇಲಿಗೆ ನುಗ್ಗಿದರು. ಲೆಫ್ಟಿನೆಂಟ್ ಓಡಿ ಹೋಗಿ ಗೇಟು ತೆರೆದು ಹಿಡಿದ. ಅಷ್ಟು ಹೊತ್ತಿಗೆ ಮೋಡಗಳೂ ಮುಗಿದಿದ್ದವು.

ಅಗ್ರಿಪ್ಪಿನಾ ಸವೇಲ್ಯೆವ್ನಾ ಭುಜದ ಮೇ‌ಲಿಂದ ಓರೆಗಣ್ಣಲ್ಲಿ ಎಲ್ಲವನ್ನೂ ನೋಡಿ, ತಲೆಯಾಡಿಸಿ, ನನ್ನನ್ನು ಕೇಳಿದರು:

“ಕದಿಯೋಕೂ ಬರಲ್ಲ ಈ ಮನುಷ್ಯನಿಗೆ. ಇವರು ಅದು ಹೇಗ್ರೀ ಅಧ್ಯಕ್ಷರಾದ್ರು?”